ಮಾವನ ಜೊತೆ ಯಾಕೆ ಮಾತಾಡಲ್ಲ?

"ಹೋಗ್ಲಿ ಬಿಡು, ಎಷ್ಟು ವರ್ಷ ಅಂತ ಹಗೆ ಸಾಧಿಸ್ತೀಯ? ಸೋದರಮಾವ ಅಲ್ವಾ?"

ಪ್ರತಿ ಮದುವೆ, ಪ್ರತಿ ಗೃಹಪ್ರವೇಶದಲ್ಲಿ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಅದೂ ನಾನು ಎದ್ದು ಹೋಗಲಾಗದ ಹಾಗೆ, ಎಲೆ ಮುಂದೆ ಕೂತಾಗ. ಬಾಯಲ್ಲಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನಾನು ಹಗೆ ಗಿಗೆ ಸಾಧಿಸುತ್ತಿಲ್ಲ. ಅಷ್ಟು ಪುರುಸೊತ್ತು ನನಗಿಲ್ಲ. ಮಾತಾಡುವುದಿಲ್ಲ, ಅಷ್ಟೇ. ಈ ಪ್ರಶ್ನೆಯನ್ನು ಯಾರೂ ಮಾವನಿಗೆ ಕೇಳಿದ್ದನ್ನು ನಾನಂತೂ ನೋಡಿಲ್ಲ. ಅವರಿಗೆ ಇನ್ನೊಂದು ಹೋಳಿಗೆ ಬಡಿಸುತ್ತಾರೆ.

ಜಗಳ ಪಾಲಿನದು. 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಇಲ್ಲ ಅಂದಿತು. ಅಮ್ಮ ಆ ಇಲ್ಲದವರ ಸಾಲಿನಲ್ಲಿದ್ದರು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಆ ಷರತ್ತು ಹೋಯಿತು. ಸುದ್ದಿ ನಮಗಿಂತ ಮೊದಲು ಮಾವನಿಗೆ ಮುಟ್ಟಿತು. "ಜಮೀನಿನ ಮೇಲೆ ಸಾಲ ತೆಗೀಬೇಕು ಅಕ್ಕ, ಎಲ್ಲರ ಸಹಿ ಬೇಕಂತೆ" ಅಂತ ಅಮ್ಮನನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋದರು. ಕಾರು ಮಾಡಿಸಿದ್ದರು. ದಾರಿಯಲ್ಲಿ ಮಸಾಲೆ ದೋಸೆ ಬೇರೆ. ಸಂಜೆ ಅಮ್ಮ ಸೀರೆ, ಮಡಿಲಕ್ಕಿ ಜೊತೆ ಮನೆಗೆ ಬಂದರು. ಆಮೇಲೆ ನಾನು ನಕಲು ತೆಗೆಸಿ ಓದಿದರೆ, ಅದು ಹಕ್ಕು ಖುಲಾಸೆ ಪತ್ರ, ಅಂದರೆ ಪಾಲು ಬಿಟ್ಟುಕೊಟ್ಟೆ ಅಂತ ಬರೆದುಕೊಡುವ ಪತ್ರ. 'ಅರಿಶಿನ ಕುಂಕುಮದ ಬಾಬ್ತು' ಅಂತ ಒಂದು ಮೊತ್ತ ಬರೆದಿತ್ತು. ಆ ಸೀರೆಯ ಬೆಲೆಗಿಂತ ಸ್ವಲ್ಪ ಜಾಸ್ತಿ.

ಒಮ್ಮೆ ಒಂದು ಮದುವೆಯಲ್ಲಿ ಹಿರಿಯರೊಬ್ಬರು ಎಲೆ ಅಡಿಕೆ ಜಗಿಯುತ್ತಾ ನನಗೆ ಬಾಹುಬಲಿಯ ಕಥೆ ಹೇಳಿದರು. "ಶ್ರವಣಬೆಳಗೊಳಕ್ಕೆ ಹೋಗಿದ್ದೀಯಲ್ಲ? ಅಣ್ಣನಿಗೆ ರಾಜ್ಯಾನೇ ಬಿಟ್ಟುಕೊಟ್ಟ. ನಿಮ್ಮದೇನು ಮಹಾ, ಎರಡೆಕರೆ."

ನನಗೆ ರೇಗಿತು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ, ಮೂರನ್ನೂ ಬಾಹುಬಲಿ ಗೆದ್ದಿದ್ದ. ಗೆದ್ದು ಕೈಗೆ ಬಂದದ್ದನ್ನು ಬಿಟ್ಟ. ನಮ್ಮಮ್ಮನ ಕೈಗೆ ಏನು ಬಂದಿತ್ತು? ಅಷ್ಟಕ್ಕೂ ಹುತ್ತ ಬೆಳೆದು ಬಳ್ಳಿ ಹಬ್ಬುವ ತನಕ ನಿಂತರೂ 'ಭರತನ ನೆಲದ ಮೇಲೆ ನಿಂತಿದ್ದೇನೆ' ಅನ್ನುವುದು ಅವನೊಳಗೆ ಕೊರೆಯುತ್ತಲೇ ಇತ್ತಂತೆ. ಭರತ ಬಂದು ನಮಸ್ಕರಿಸಿದ ಮೇಲೇ ಅದು ಹೋಗಿದ್ದು. "ಹಾಗಾದ್ರೆ ಮಾವನನ್ನೂ ಕಳಿಸಿ" ಅಂದೆ. ಅವರು ಎದ್ದು ಉಗಿಯಲು ಹೋದರು. ವಾಪಸ್ ಬಂದು "ನಿನಗೆ ಓದು ಜಾಸ್ತಿಯಾಯ್ತು" ಅಂದರು.

ಯಾರಾದರೂ ಅಮ್ಮನ ಬಗ್ಗೆ ಕೇಳಬಾರದಾ? ಪಾಲು ಹೋಗಿದ್ದು ಅವರದು. ಆದರೂ ಮಾವನ ಮನೆಗೆ ಹೋಗಿ ಬರುತ್ತಾರೆ. ಗೌರಿ ಹಬ್ಬಕ್ಕೆ ಮೊದಲೆಲ್ಲಾ ಮೊರದ ಬಾಗಿನ ಬರುತ್ತಿತ್ತು. ಈಗ ಫೋನ್‌ಪೇಯಲ್ಲಿ 501 ರೂಪಾಯಿ ಬರುತ್ತದೆ. ಆ ಮೆಸೇಜನ್ನೇ ಪಕ್ಕದ ಮನೆಯವರಿಗೆ ತೋರಿಸುತ್ತಾರೆ, ತವರಿನಿಂದ ಬಂತು ಅಂತ.

"ಹೇಗಮ್ಮಾ ಕ್ಷಮಿಸಿದೆ?" ಅಂತ ನಾನೇ ಕೇಳಿದ್ದೆ. ಅವರೆಕಾಯಿ ಬಿಡಿಸುತ್ತಾ ಕೂತಿದ್ದರು.

"ಕ್ಷಮಿಸಿದೆ ಅಂತ ಯಾರು ಹೇಳಿದ್ದು? ನನಗೆ ಓದೋಕೆ ಬರಲ್ವಾ? ಸುಳ್ಳು ಹೇಳ್ತಿದ್ದಾನೆ ಅಂತ ದೋಸೆ ತಿನ್ನುವಾಗಲೇ ಗೊತ್ತಿತ್ತು. ಪಾಲು ಕೇಳಿದ್ರೆ ತವರು ಹೋಗ್ತಿತ್ತು, ಸಹಿ ಹಾಕಿದೆ."

ಹಾಗಾದರೆ ನಿನಗೇನಮ್ಮಾ ಕಷ್ಟ, ಅವರೇ ಸುಮ್ಮನಿದ್ದಾರಲ್ಲ ಅಂತೀರಾ? ತವರು ಕೈಬಿಟ್ಟೀತು ಅನ್ನುವ ಅಕ್ಕನ ಹೆದರಿಕೆ ಗೊತ್ತಿದ್ದೇ ಮಾವ ಅವತ್ತು ಕಾರು ಮಾಡಿಸಿದ್ದು. ಅವರ ಹತ್ತಿರ ನಾನು ಏನು ಮಾತಾಡಲಿ, ಮಳೆ ಬೆಳೆನಾ?