ಕಾಣದ ಎಣ್ಣೆಗೆ ಹೊಂದುವ ಚೆಂಡು

ಬೆಳಗಾವಿಯ ಉದ್ಯಮಬಾಗದ ಒಂದು ಯಂತ್ರಶಾಲೆಯಲ್ಲಿ ಕೆಲಸ ಮಾಡುವ ನಾನು, ಲೇನ್ ಎಂಬ ಉದ್ದನೆಯ ಹಾದಿಯ ಮೇಲೆ ಭಾರದ ಚೆಂಡು ಉರುಳಿಸಿ ಕೊನೆಯಲ್ಲಿ ನಿಂತ ಹತ್ತು ಪಿನ್ನುಗಳನ್ನು ಬೀಳಿಸುವ ಟೆನ್‌ಪಿನ್ ಬೌಲಿಂಗ್ ಕಲಿತದ್ದು ಬೆಂಗಳೂರಿನಲ್ಲಿ ಓದುತ್ತಿದ್ದ ದಿನಗಳಲ್ಲಿ. ಊರಿಗೆ ಮರಳಿದ ಮೇಲೂ ಆ ಆಟವನ್ನು ಬಿಡಲು ಮನಸ್ಸು ಬರಲಿಲ್ಲ. ತಿಂಗಳಿಗೊಮ್ಮೆ, ಕೆಲಸ ಹೆಚ್ಚಿದ್ದರೆ ಎರಡು ತಿಂಗಳಿಗೊಮ್ಮೆ, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಪ್ರಯಾಣ ಮಾಡಿ, ಶನಿವಾರ ಒಂದು ಕಡೆ, ಭಾನುವಾರ ಇನ್ನೊಂದು ಕಡೆ ಆಡಿ ಬರುತ್ತೇನೆ. ಆಡುವ ಲೇನು ಪ್ರತಿ ಸಲವೂ ಬೇರೆ, ಆದರೆ ಒಯ್ಯಬಹುದಾದ ಚೆಂಡುಗಳು ಎರಡೇ. 15 ಪೌಂಡಿನ ಒಂದು ಚೆಂಡು ಎಂದರೆ 6.8 ಕಿಲೊ, ವಿಮಾನದ ಕೈಚೀಲಕ್ಕೆ ಸಾಮಾನ್ಯವಾಗಿ ಕೊಡುವ 7 ಕಿಲೊ ಮಿತಿ ಒಂದೇ ಚೆಂಡಿಗೆ ತೀರಿಹೋಗುತ್ತದೆ, ರೈಲಿನಲ್ಲಿ ಹೋದರೂ ಎರಡಕ್ಕಿಂತ ಹೆಚ್ಚನ್ನು ಹೊತ್ತು ನಿಲ್ದಾಣದ ಮೆಟ್ಟಿಲು ಹತ್ತುವುದು ಬೆನ್ನಿಗೆ ಆಗದ ಮಾತು. ದೊಡ್ಡ ಆಟಗಾರರು ಐದಾರು ಚೆಂಡುಗಳನ್ನು ಸಾಲಾಗಿ ಇಟ್ಟುಕೊಂಡು ಲೇನಿಗೆ ತಕ್ಕ ಹಾಗೆ ಬದಲಿಸುತ್ತಾರೆ. ನನ್ನಂಥವನಿಗೆ ಬೇಕಾದದ್ದು ಬಹುತೇಕ ಲೇನುಗಳ ಮೇಲೆ ಒಂದೇ ಬಗೆಯಲ್ಲಿ, ಮೊದಲೇ ಊಹಿಸಬಹುದಾದ ರೀತಿಯಲ್ಲಿ ತಿರುಗುವ, ಅಂದರೆ ಸಾಗುತ್ತ ಪಕ್ಕಕ್ಕೆ ಬಾಗುವ ಚೆಂಡು. ಅದನ್ನು ಕಂಡುಕೊಳ್ಳಲು ನನಗೆ ಮೂರು ವರ್ಷಗಳೇ ಹಿಡಿದವು.

ಹೊಸದಾಗಿ ಆಟಕ್ಕೆ ಬಂದವರಿಗೆ ಹೇಳಲೇಬೇಕಾದ ಸಂಗತಿಯೆಂದರೆ, ಲೇನಿನ ಮೇಲೆ ಕಣ್ಣಿಗೆ ಸರಿಯಾಗಿ ಕಾಣದ ಎಣ್ಣೆಯ ಪದರವೊಂದು ಇರುತ್ತದೆ ಎಂಬುದು. ಚೆಂಡು ಬಿಡುವಾಗ ದಾಟಬಾರದ ಫೌಲ್ ಗೆರೆಯಿಂದ ಮೊದಲ ಪಿನ್ನಿಗೆ 60 ಅಡಿ ದೂರ. ಅಗಲದಲ್ಲಿ 39 ಬೋರ್ಡುಗಳು, ಅಂದರೆ ಲೇನಿನ ಉದ್ದಕ್ಕೂ ಸಾಗುವ ಪಟ್ಟಿಗಳು, ಪ್ರತಿಯೊಂದೂ ಒಂದು ಇಂಚಿಗಿಂತ ತುಸು ಹೆಚ್ಚು. ಈ 60 ಅಡಿಗಳಲ್ಲಿ ಮೊದಲ 38ರಿಂದ 42 ಅಡಿಗಳವರೆಗೆ ಯಂತ್ರವು ಎಣ್ಣೆ ಹಚ್ಚುತ್ತದೆ, ಉಳಿದದ್ದು ಒಣಗಿರುತ್ತದೆ. ಎಲ್ಲರೂ ಆಡುವ ಸಾಮಾನ್ಯ ಲೇನುಗಳಲ್ಲಿ ನಡುವಿನ ಬೋರ್ಡುಗಳ ಮೇಲೆ ಎಣ್ಣೆ ದಪ್ಪವಾಗಿಯೂ ಎರಡೂ ಅಂಚುಗಳಲ್ಲಿ ತೆಳುವಾಗಿಯೂ ಇರುವುದರಿಂದ, ಕೈ ತಪ್ಪಿ ಹೊರಗೆ ಹೋದ ಚೆಂಡು ಒಣ ಜಾಗದಲ್ಲಿ ಹಿಡಿತ ಸಿಕ್ಕಿ ಒಳಗೆ ಮರಳುತ್ತದೆ, ಒಳಗೆ ಹೋದ ಚೆಂಡು ಎಣ್ಣೆಯ ಮೇಲೆ ಜಾರಿ ಹೆಚ್ಚು ತಿರುಗದೆ ಉಳಿಯುತ್ತದೆ. ಸ್ಪರ್ಧೆಗಳಿಗೆ ಹಾಕುವ ಕಠಿಣ ವಿನ್ಯಾಸಗಳಲ್ಲಿ ನಡುವಿಗೂ ಅಂಚಿಗೂ ಇರುವ ಈ ವ್ಯತ್ಯಾಸವನ್ನು ಬಹಳ ಕಡಿಮೆ ಮಾಡುತ್ತಾರೆ, ಆಗ ತಪ್ಪಿಗೆ ಕ್ಷಮೆಯಿಲ್ಲ. ಅದಕ್ಕಿಂತ ನನಗೆ ಹೆಚ್ಚು ತೊಂದರೆ ಕೊಟ್ಟದ್ದು ಭಾನುವಾರ ಸಂಜೆಯ ಲೇನು. ಬೆಳಗಿನಿಂದ ಹುಟ್ಟುಹಬ್ಬದ ಗುಂಪುಗಳೂ ಮಕ್ಕಳೂ ಆಡಿ, ಎಣ್ಣೆಯನ್ನು ಒಂದು ಕಡೆ ತೆಗೆದು ಇನ್ನೊಂದು ಕಡೆ ಹರಡಿರುತ್ತಾರೆ. ಅಲ್ಲಿ ಯಾವ ವಿನ್ಯಾಸವೂ ಉಳಿದಿರುವುದಿಲ್ಲ.

ನಾನು ಕೊಂಡ ಮೊದಲ ಸ್ವಂತ ಚೆಂಡು ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ತಿರುಗುತ್ತದೆಂದು ಹೇಳಿ ಮಾರಿದ ಚೆಂಡು. ಕನ್ನಡಿಯಂತೆ ಹೊಳಪು ಕೊಟ್ಟ, ಮುತ್ತಿನ ಮಿಂಚಿನ ಮೈ. ಒಳಗೆ ಬಲವಾದ ಅಸಮ ಕೋರ್, ಅಂದರೆ ಸಮಮಿತಿಯಿಲ್ಲದ ಆಕಾರದ ಒಳತಿರುಳು. ಹೊಸ ಎಣ್ಣೆಯ ಮೇಲೆ ಅದು ಉದ್ದಕ್ಕೂ ಜಾರಿ, ಒಣ ಜಾಗ ಮುಟ್ಟಿದೊಡನೆ ಥಟ್ಟನೆ ತಿರುಗಿ ಪಿನ್ನುಗಳತ್ತ ನುಗ್ಗುವುದನ್ನು ನೋಡುವುದು ಚೆಂದವಾಗಿತ್ತು. ಆದರೆ ಬಿಡುವ ವೇಗ ಸ್ವಲ್ಪ ಕಡಿಮೆಯಾದರೆ ಅದು ಮೊದಲ ಪಿನ್ನನ್ನೂ ದಾಟಿ ಎಡಕ್ಕೆ ಹೋಗುತ್ತಿತ್ತು, ಹೆಚ್ಚಾದರೆ ತಿರುಗುವುದೇ ಇಲ್ಲ. ಒಂದೇ ಸಂಜೆಯಲ್ಲಿ 190 ಮತ್ತು 118 ಅಂಕ ಎರಡನ್ನೂ ಬರೆಸಿದ ಚೆಂಡು ಅದು. ತಪ್ಪು ನನ್ನ ಕೈಯದೋ, ಲೇನಿನದೋ, ಚೆಂಡಿನದೋ ಎಂಬುದನ್ನು ತಿಳಿಯುವ ದಾರಿಯೇ ಇರಲಿಲ್ಲ, ಮತ್ತು ಅದು ತಿಳಿಯದೆ ಕಲಿಕೆ ಮುಂದೆ ಸಾಗುವುದಿಲ್ಲ.

ಉತ್ತರ ದೊರೆತದ್ದು ನಮ್ಮ ಶಾಪಿನಲ್ಲಿ. ನಾವು ಹೈಡ್ರಾಲಿಕ್ ಸಿಲಿಂಡರುಗಳ ರಾಡುಗಳನ್ನು ಗ್ರೈಂಡ್ ಮಾಡಿ, ಮೈಯ ಒರಟುತನವನ್ನು ಅಳೆದು ಕಳಿಸುತ್ತೇವೆ. ಮೂವತ್ತು ವರ್ಷಗಳಿಂದ ಗ್ರೈಂಡಿಂಗ್ ಯಂತ್ರದ ಮುಂದೆ ನಿಂತಿರುವ, ನಾವೆಲ್ಲ ಕಾಕಾ ಎಂದು ಕರೆಯುವ ಹಿರಿಯರು ಒಂದು ಮಧ್ಯಾಹ್ನ ನನ್ನ ಚೆಂಡನ್ನು ಕೈಯಲ್ಲಿ ತಿರುಗಿಸಿ ನೋಡಿ, "ಸಾಹೇಬ್ರ, ಮೈ ಇಷ್ಟು ನುಣ್ಣಗ ಮಾಡಿದ್ರ ಎಣ್ಣಿ ಮ್ಯಾಲ ತೇಲ್ತೈತ್ರಿ. ಎಣ್ಣಿ ಹರದು ಕೆಳಗ ಮುಟ್ಟಬೇಕಂದ್ರ ಮೈಗೆ ಗೀರು ಬೇಕು," ಎಂದರು. ಅವರು ಬೌಲಿಂಗ್ ಲೇನನ್ನು ಎಂದೂ ಕಂಡವರಲ್ಲ. ಆದರೂ ಅವರು ಹೇಳಿದ್ದು ಈ ಆಟದ ಮೂಲ ವಿಷಯ. ಬೇರಿಂಗಿನಲ್ಲಿ ನುಣುಪಾದ ಎರಡು ಮೈಗಳು ಎಣ್ಣೆಯ ಪದರದ ಮೇಲೆ ತೇಲುತ್ತವೆ. ಒಂದು ಮೈ ಒರಟಾದರೆ ಅದರ ತುದಿಗಳು ಪದರವನ್ನು ಹರಿದು ಎದುರಿನ ಮೈಯನ್ನು ಮುಟ್ಟುತ್ತವೆ, ಘರ್ಷಣೆ ಹುಟ್ಟುತ್ತದೆ. ಬೇರಿಂಗಿನಲ್ಲಿ ನಾವು ತಪ್ಪಿಸಲು ಹೆಣಗುವ ಅದೇ ಘರ್ಷಣೆ ಚೆಂಡಿಗೆ ಮಾತ್ರ ಬೇಕೇ ಬೇಕು.

ಅಂದಿನಿಂದ ನಾನು ಚೆಂಡನ್ನು ನೋಡುವ ಕ್ರಮ ಬದಲಾಯಿತು. ಮೊದಲು ಮೈ, ಆಮೇಲೆ ಕೋರ್. ಅಂಗಡಿಯಲ್ಲಿ ಸಾಮಾನ್ಯವಾಗಿ ಕೋರಿನ ಚಿತ್ರವನ್ನೇ ಮೊದಲು ತೋರಿಸುತ್ತಾರೆ, ಏಕೆಂದರೆ ಅದು ನೋಡಲು ಆಕರ್ಷಕ. ಆದರೆ ಲೇನನ್ನು ಮುಟ್ಟುವುದು ಹೊರಗಿನ ಕವರ್‌ಸ್ಟಾಕ್ ಮಾತ್ರ, ಮತ್ತು ಚೆಂಡಿನ ವರ್ತನೆಯ ಬಹುಪಾಲು ಅಲ್ಲಿಯೇ ತೀರ್ಮಾನವಾಗುತ್ತದೆಂಬುದು ನನ್ನ ದೃಢ ಅಭಿಪ್ರಾಯ. ಪ್ಲಾಸ್ಟಿಕ್ ಎಂದು ಕರೆಯುವ ಪಾಲಿಯೆಸ್ಟರ್ ಮೈ ಹೆಚ್ಚು ಕಡಿಮೆ ನೇರ ಹೋಗುತ್ತದೆ. ಬೌಲಿಂಗ್ ಕೇಂದ್ರಗಳಲ್ಲಿ ಬಾಡಿಗೆಗೆ ಸಿಗುವ ಚೆಂಡುಗಳು ಹೆಚ್ಚಾಗಿ ಇವೇ. 1980ರ ದಶಕದಲ್ಲಿ ಹರಡಿದ ಯುರಿಥೇನ್ ಬೇಗ ಹಿಡಿತ ಪಡೆದು, ಮೆಲ್ಲಗೆ ಬಾಗುವ ಒಂದೇ ಕಮಾನಿನಂತೆ ಹೋಗುತ್ತದೆ. 1990ರ ದಶಕದ ಆರಂಭದಲ್ಲಿ ಬಂದ ರಿಯಾಕ್ಟಿವ್ ರೆಸಿನ್‌ನಲ್ಲಿ ಸೂಕ್ಷ್ಮ ರಂಧ್ರಗಳಿದ್ದು, ಅವು ಎಣ್ಣೆಯನ್ನು ಹೀರಿಕೊಳ್ಳುತ್ತವೆ. ಒಣ ಜಾಗದಲ್ಲಿ ಅದರ ಹಿಡಿತ ಬಹಳ ಬಲವಾದದ್ದು. ಈ ರಿಯಾಕ್ಟಿವ್‌ನಲ್ಲಿಯೇ ಮುತ್ತಿನ ಮೈ ಉದ್ದಕ್ಕೆ ಜಾರಿ ಕೊನೆಗೆ ಚುರುಕಾಗಿ ತಿರುಗುತ್ತದೆ, ಮುತ್ತಿನ ಮಿಂಚಿಲ್ಲದ ಸಾಲಿಡ್ ಮೈ ಬೇಗ ಹಿಡಿತ ಪಡೆದು ಸಮವಾಗಿ ತಿರುಗುತ್ತದೆ, ಹೈಬ್ರಿಡ್ ಇವೆರಡರ ನಡುವೆ ನಿಲ್ಲುತ್ತದೆ.

ಸಮಾಧಾನದ, ಹತೋಟಿಯ ತಿರುವು ಬೇಕೆನ್ನುವವರು ಸಾಲಿಡ್ ರಿಯಾಕ್ಟಿವ್ ಮೈಯನ್ನು ಮೊದಲು ನೋಡಬೇಕೆಂದು ನಾನು ಹೇಳುವುದಕ್ಕೆ ಕಾರಣವಿದೆ. ಚೆಂಡು ಹೋಗುವ ದಾರಿಯಲ್ಲಿ ಮೂರು ಹಂತಗಳು: ಜಾರುವುದು, ತಿರುಗುವುದು, ಉರುಳುವುದು. ತಿರುಗುವ ಹಂತ ಎಷ್ಟು ಬೇಗ ಆರಂಭವಾಗಿ ಎಷ್ಟು ದೂರ ಹಬ್ಬುತ್ತದೆಯೋ ಅಷ್ಟು ಮಟ್ಟಿಗೆ ಎಣ್ಣೆಯ ಸಣ್ಣ ಏರುಪೇರುಗಳು ಆ ಉದ್ದದಲ್ಲಿ ಹಂಚಿಹೋಗುತ್ತವೆ. ಕೊನೆಯ 15 ಅಡಿಗಳಲ್ಲಿ ಮಾತ್ರ ತಿರುಗುವ ಚೆಂಡಿಗೆ ಆ ಅವಕಾಶವಿಲ್ಲ. ಅದು ಎಲ್ಲಿ ತಿರುಗಲು ಆರಂಭಿಸಿತೋ ಅಲ್ಲಿ ಅರ್ಧ ಬೋರ್ಡಿನ ವ್ಯತ್ಯಾಸವಾದರೂ ಪಿನ್ನುಗಳ ಬಳಿ ಅದು ದೊಡ್ಡ ಅಂತರವಾಗಿ ಕಾಣಿಸುತ್ತದೆ. ಬಲಗೈ ಆಟಗಾರನ ಚೆಂಡು ಒಂದನೆಯ ಮತ್ತು ಮೂರನೆಯ ಪಿನ್ನಿನ ನಡುವಿನ ಪಾಕೆಟ್‌ಗೆ, ಸುಮಾರು 6 ಡಿಗ್ರಿ ಕೋನದಲ್ಲಿ ಬಂದರೆ ಸ್ಟ್ರೈಕ್, ಅಂದರೆ ಒಂದೇ ಎಸೆತಕ್ಕೆ ಹತ್ತೂ ಪಿನ್ನು ಬೀಳುವ ಸಂಭವ ಹೆಚ್ಚೆಂಬುದು ನಿಜ, ಮತ್ತು ಚೂಪಾದ ತಿರುವಿನ ಚೆಂಡು ಆ ಕೋನವನ್ನು ಸುಲಭವಾಗಿ ಕೊಡುತ್ತದೆಂಬುದೂ ನಿಜ. ಆದರೂ ಕಡಿಮೆ ಕೋನದಲ್ಲಿ ಪ್ರತಿ ಸಲ ಪಾಕೆಟ್ ಮುಟ್ಟುವ ಚೆಂಡು, ಒಳ್ಳೆಯ ಕೋನದಲ್ಲಿ ಎರಡು ಸಲಕ್ಕೊಮ್ಮೆ ಮುಟ್ಟುವ ಚೆಂಡಿಗಿಂತ ನನಗೆ ಹೆಚ್ಚು ಅಂಕ ತಂದಿದೆ. ಒಂಟಿ ಹತ್ತನೆಯ ಪಿನ್ನು ನಿಂತರೆ ಎರಡನೆಯ ಎಸೆತಕ್ಕೆ ಅದನ್ನು ಬೀಳಿಸಿ ಸ್ಪೇರ್ ಹೊಡೆಯಬಹುದು, ಚೆಂಡು ಮೊದಲ ಪಿನ್ನಿಗೆ ನೇರ ಎದುರಿನಿಂದ ಬಡಿದಾಗ ಪಿನ್ನುಗಳು ದೂರ ದೂರ ಉಳಿಯುವ ಸ್ಪ್ಲಿಟ್‌ಗೆ ಪರಿಹಾರ ಕಷ್ಟ.

ಮೈಯ ಗ್ರಿಟ್ ವಿಷಯದಲ್ಲಿ ನಮ್ಮ ಊರಿನ ಯಂತ್ರಶಾಲೆಯವರಿಗೆ ಹೆಚ್ಚು ವಿವರಣೆ ಬೇಕಿಲ್ಲ. 500, 1000, 2000, 3000, 4000 ಎಂದು ಚೆಂಡಿನ ಮೈ ತಿಕ್ಕುವ ಪ್ಯಾಡುಗಳು ಸಿಗುತ್ತವೆ; ಅಂಕಿ ಚಿಕ್ಕದಾದಷ್ಟೂ ಗೀರು ಒರಟು, ಹಿಡಿತ ಬೇಗ. ನಾನು ಹೊಸ ಎಣ್ಣೆಗೆ 2000ದಲ್ಲಿ ಆರಂಭಿಸುತ್ತೇನೆ, ಒಣಗಿದ ಸಂಜೆಯ ಲೇನಿದ್ದರೆ ಹಿಂದಿನ ರಾತ್ರಿಯೇ 4000ಕ್ಕೆ ತರುತ್ತೇನೆ. ನಿಯಮಬದ್ಧ ಸ್ಪರ್ಧೆಯಲ್ಲಿ ಆಟ ಶುರುವಾದ ಮೇಲೆ ಮೈ ತಿಕ್ಕುವಂತಿಲ್ಲ, ಆದ್ದರಿಂದ ಈ ತೀರ್ಮಾನ ಮುಂಚೆಯೇ ಆಗಬೇಕು. ಅಂಗಡಿಯಿಂದ ತಂದ ಮೈಯೇ ಶಾಶ್ವತವೆಂದು ತಿಳಿಯುವುದು ಸಾಮಾನ್ಯವಾಗಿ ಕಾಣುವ ತಪ್ಪು. ಕೆಲವೇ ಆಟಗಳಲ್ಲಿ ಲೇನಿನ ಮೇಲೆ ಉಜ್ಜಿ ಉಜ್ಜಿ ಗೀರುಗಳು ಸವೆದು ಮೈ ತಾನಾಗಿ ಹೊಳಪೇರುತ್ತದೆ, ಮೊನ್ನೆ ಸರಿಯಾಗಿ ತಿರುಗುತ್ತಿದ್ದ ಚೆಂಡು ಇಂದು ಏಕೆ ಜಾರುತ್ತಿದೆ ಎಂದು ಕೈಯನ್ನು ದೂರುತ್ತೇವೆ. ಪ್ರತಿ ಆಟದ ನಂತರ ಎಣ್ಣೆ ಒರೆಸಿ, ಕೆಲವು ಆಟಗಳಿಗೊಮ್ಮೆ ಪ್ಯಾಡಿನಿಂದ ನಾಲ್ಕೂ ದಿಕ್ಕಿಗೆ ಸಮವಾಗಿ ತಿಕ್ಕಿದರೆ ಚೆಂಡಿನ ನಡತೆ ನಂಬಿಕೆಗೆ ಅರ್ಹವಾಗಿ ಉಳಿಯುತ್ತದೆ. ಬೇಸಿಗೆಯಲ್ಲಿ ಅದನ್ನು ಕಾರಿನ ಡಿಕ್ಕಿಯಲ್ಲಿ ಬಿಡಬಾರದು. ಬಿಸಿಗೆ ಮೈ ಬಿರುಕು ಬಿಡಬಹುದು.

ಕೋರಿನ ಬಗ್ಗೆ ಎರಡು ಅಂಕಿಗಳು ಸಾಕು. ಮೊದಲನೆಯದು ಆರ್‌ಜಿ, ಅಂದರೆ ತೂಕ ಕೇಂದ್ರದಿಂದ ಸರಾಸರಿ ಎಷ್ಟು ದೂರದಲ್ಲಿ ಹಂಚಿಕೊಂಡಿದೆ ಎಂಬ ಅಳತೆ. ಅಮೆರಿಕದ ಬೌಲಿಂಗ್ ಸಂಸ್ಥೆಯಾದ ಯುಎಸ್‌ಬಿಸಿ ನಿಯಮದಂತೆ ಇದು 2.46ರಿಂದ 2.80 ಇಂಚಿನೊಳಗಿರಬೇಕು. ನಮ್ಮ ಫೌಂಡ್ರಿಗಳಲ್ಲಿ ಎರಕ ಹೊಯ್ಯುವ ಫ್ಲೈವೀಲಿನಲ್ಲಿ ತೂಕ ಅಂಚಿಗೆ ಹೋದಷ್ಟೂ ಅದನ್ನು ತಿರುಗಿಸಲು ಹೆಚ್ಚು ಶ್ರಮ ಬೇಕು. ಹಾಗೆಯೇ ಆರ್‌ಜಿ ಕಡಿಮೆಯಿದ್ದರೆ ಚೆಂಡು ಬೇಗ ಸುತ್ತತೊಡಗುತ್ತದೆ, ಹೆಚ್ಚಿದ್ದರೆ ತಡವಾಗಿ. ಎರಡನೆಯದು ಡಿಫರೆನ್ಷಿಯಲ್, ಅಂದರೆ ಚೆಂಡಿನ ಅತಿ ಹೆಚ್ಚು ಮತ್ತು ಅತಿ ಕಡಿಮೆ ಆರ್‌ಜಿಗಳ ನಡುವಿನ ವ್ಯತ್ಯಾಸ, ಗರಿಷ್ಠ 0.060 ಇಂಚು. ಇದು ಹೆಚ್ಚಿದ್ದಷ್ಟೂ ಚೆಂಡು ಉರುಳುವಾಗ ತನ್ನ ಅಕ್ಷವನ್ನು ಬದಲಿಸಿಕೊಂಡು, ಎಣ್ಣೆ ತಾಗದ ಹೊಸ ಮೈಯನ್ನು ಲೇನಿಗೆ ಒಡ್ಡುತ್ತ ಹೋಗುತ್ತದೆ, ತಿರುವು ಬಲವಾಗುತ್ತದೆ. ಹತೋಟಿ ಬಯಸುವವರು 0.030ರಿಂದ 0.045ರ ನಡುವೆ ಹುಡುಕಿದರೆ ಸಾಕೆಂಬುದು ನನ್ನ ಅನುಭವ. ಕೋರ್ ಸಮಮಿತಿಯದ್ದಾಗಿರಲಿ. ಬೆರಳಿನ ತೂತು ಕೊರೆಸುವಾಗ, ಕೋರಿನ ತುದಿ ಎಲ್ಲಿದೆಯೆಂದು ತೋರಿಸುವ, ಪಿನ್ ಎಂದು ಕರೆಯುವ ಚುಕ್ಕಿ ಉಂಗುರ ಬೆರಳಿನ ತೂತಿನ ಕೆಳಗೆ ಬರುವಂತೆ ಡ್ರಿಲ್ಲರ್‌ಗೆ ಹೇಳಿದರೆ ತಿರುವು ಇನ್ನಷ್ಟು ಮೃದುವಾಗುತ್ತದೆ.

ಯುರಿಥೇನ್ ಬಗ್ಗೆ ಕೇಳುವವರು ಬಹಳ. ಎಣ್ಣೆ 35 ಅಡಿಯಷ್ಟೇ ಇರುವ ಚಿಕ್ಕ ವಿನ್ಯಾಸದಲ್ಲಿ ಅದಕ್ಕೆ ಸಾಟಿಯಿಲ್ಲ. ಆಟಗಾರರು ಬಳಸುವ ಒಂದು ಲೆಕ್ಕವಿದೆ: ಎಣ್ಣೆಯ ಉದ್ದದಿಂದ 31 ಕಳೆದರೆ, ಎಣ್ಣೆ ಮುಗಿಯುವಲ್ಲಿ ಚೆಂಡು ಬಲ ಅಂಚಿನಿಂದ ಎಷ್ಟನೆಯ ಬೋರ್ಡಿನ ಮೇಲಿರಬೇಕೆಂಬುದು ಸಿಗುತ್ತದೆ. 35 ಅಡಿಗೆ ನಾಲ್ಕನೆಯ ಬೋರ್ಡು, 42ಕ್ಕೆ ಹನ್ನೊಂದನೆಯದು. ಲೇನಿನ ಪಕ್ಕದ ಕಾಲುವೆಯಾದ ಗಟರ್‌ನ ಅಂಚಿಗೇ ಆಡಬೇಕಾದ ಆ ನಾಲ್ಕನೆಯ ಬೋರ್ಡಿನಲ್ಲಿ ಥಟ್ಟನೆ ತಿರುಗುವ ಚೆಂಡಿಗಿಂತ ಮೆಲ್ಲಗೆ ಬಾಗುವ ಯುರಿಥೇನ್ ಕೈಗೆ ಧೈರ್ಯ ಕೊಡುತ್ತದೆ. ಆದರೆ ದಪ್ಪ ಎಣ್ಣೆಯ ಉದ್ದ ಲೇನಿನಲ್ಲಿ ಅದು ಜಾರಿ, ಪಿನ್ನುಗಳಿಗೆ ಬಡಿಯುವಾಗ ಬಲ ಕಳೆದುಕೊಂಡು ಪಕ್ಕಕ್ಕೆ ಸರಿಯುತ್ತದೆ. ತಿರುಗುವ ಚೆಂಡು ಒಂದನ್ನೇ ಒಯ್ಯಬಲ್ಲವನಿಗೆ ಆ ನಷ್ಟ ದೊಡ್ಡದು, ಆದ್ದರಿಂದ ನಾನು ಅದನ್ನು ಆರಿಸದೆ ಸಾಲಿಡ್ ರಿಯಾಕ್ಟಿವ್ ಚೆಂಡನ್ನೇ ಆರಿಸಿದೆ.

ಎರಡನೆಯ ಚೆಂಡಾಗಿ ನನ್ನ ಚೀಲದಲ್ಲಿರುವುದು ಪ್ಲಾಸ್ಟಿಕ್. ಮೂಲೆಯ ಹತ್ತನೆಯ ಪಿನ್ನಿಗೆ ಎಣ್ಣೆಯ ಚಿಂತೆಯಿಲ್ಲದೆ ನೇರ ಹೋಗುವ ಚೆಂಡು ಬೇಕು, ಅಷ್ಟೇ.

ಈಗ ಲೇನಿಗೆ ಬಂದೊಡನೆ ನಾನು ಮಾಡುವುದಿಷ್ಟು. ಲೇನಿನ ಮೇಲೆ ಗುರುತಿಸಿದ ಬಾಣಗಳಲ್ಲಿ ಬಲದಿಂದ ಎರಡನೆಯದನ್ನು, ಅಂದರೆ ಹತ್ತನೆಯ ಬೋರ್ಡನ್ನು ಗುರಿಯಾಗಿಟ್ಟು ಸಹಜ ವೇಗದಲ್ಲಿ ನಾಲ್ಕು ಚೆಂಡು ಬಿಡುತ್ತೇನೆ, ಪಿನ್ನುಗಳನ್ನು ಎಣಿಸುವುದಿಲ್ಲ. ಚೆಂಡು ಎಲ್ಲಿ ಬಾಗಲು ಆರಂಭಿಸಿತು ಎಂಬುದನ್ನಷ್ಟೇ ನೋಡುತ್ತೇನೆ. ಅದು ಎಡಕ್ಕೆ ಹೆಚ್ಚು ಬಂದರೆ ಪಾದವನ್ನು ಎರಡು ಬೋರ್ಡು ಎಡಕ್ಕೂ ಗುರಿಯನ್ನು ಒಂದು ಬೋರ್ಡು ಎಡಕ್ಕೂ ಸರಿಸುತ್ತೇನೆ. ಬಲಕ್ಕೆ ಉಳಿದರೆ ಅದರ ವಿರುದ್ಧ. ಚೆಂಡಿನ ತಿರುವು ಸಮವಾಗಿರುವುದರಿಂದಲೇ ಈ ಲೆಕ್ಕ ನಡೆಯುತ್ತದೆ. ಮೊದಲ ಚೆಂಡಿನಲ್ಲಿ ಎರಡು ಬೋರ್ಡು ಸರಿದರೆ ಫಲಿತಾಂಶ ಎರಡು ಬೋರ್ಡೋ ಎಂಟು ಬೋರ್ಡೋ ಎಂದು ಹೇಳಲಾಗುತ್ತಿರಲಿಲ್ಲ.

ಬರುವ ಶನಿವಾರ ಬೆಳಿಗ್ಗೆ, ಯಂತ್ರ ಎಣ್ಣೆ ಹಚ್ಚಿ ಹೋದ ಕೂಡಲೇ ಆಡುವ ಅವಕಾಶ ಸಿಕ್ಕಿದೆ. ಚೆಂಡಿನ ಮೈ ಹಿಂದಿನ ಸಲದ ಆಟಗಳಿಂದ ಹೊಳಪೇರಿದೆ. ನಾಳೆ ಶಿಫ್ಟ್ ಮುಗಿದ ಮೇಲೆ ಕಾಕಾರ ಬೆಂಚಿನ ಮೇಲೆ ಒದ್ದೆ ಪ್ಯಾಡಿಟ್ಟು, ಮತ್ತೆ 2000ಕ್ಕೆ ತರಬೇಕು.