ಡಬ್ಬಿ ಹುಡುಕಿಸಿ ಜಿಪಿಎಸ್ ಕಲಿಸುವ ಕೆಲಸ

ಟ್ರೆಕ್ಕಿಂಗ್ ಲೀಡರ್ ಆಗಲು ನಮ್ಮಲ್ಲಿಗೆ ಬರುವ ಹೊಸ ಹುಡುಗರಿಗೆ ಕೈಯಲ್ಲಿ ಹಿಡಿಯುವ ಜಿಪಿಎಸ್ ಕಲಿಸುವುದು ನನ್ನ ಕೆಲಸ. ಈ ಪಾಠವನ್ನು ಬೆಟ್ಟದ ಮೇಲೆ ಮಾಡುವುದಿಲ್ಲ, ಸಕಲೇಶಪುರದ ಕಡೆ ಪರಿಚಯದವರ ಕಾಫಿ ತೋಟದಲ್ಲಿ ಮಾಡುತ್ತೇನೆ. ಪ್ಲಾಸ್ಟಿಕ್ ಡಬ್ಬಿಯೊಳಗೆ ಚೀಟಿ ಹಾಕಿ, ಸಿಲ್ವರ್ ಓಕ್ ಬುಡದಲ್ಲೋ ಕಲ್ಲುಕಟ್ಟೆಯ ಸಂದಿಯಲ್ಲೋ ಇಟ್ಟು, ಆ ಜಾಗದ ಲ್ಯಾಟ್-ಲಾಂಗ್ (ಅಕ್ಷಾಂಶ-ರೇಖಾಂಶ) ಬರೆದು ಕೊಟ್ಟು ಹುಡುಕಿ ತನ್ನಿ ಅಂತ ಕಳಿಸುತ್ತೇನೆ.

ಜಿಯೋಕ್ಯಾಶಿಂಗ್ ಅನ್ನುವ ಆಟ ಇದೇ. ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತದಲ್ಲಿ ಅಮೆರಿಕ ಸರ್ಕಾರ ಬೇಕಂತಲೇ ಬೆರೆಸುತ್ತಿದ್ದ ದೋಷವನ್ನು 2000ದ ಮೇ ತಿಂಗಳ ಮೊದಲಲ್ಲಿ ತೆಗೆದುಹಾಕಿತು. ಅದರ ಬೆನ್ನಿಗೇ, ಮೇ 3ರಂದು, ಆರೆಗನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಡೇವ್ ಅಲ್ಮರ್ ಎಂಬುವರು ಒಂದು ಬಕೆಟ್ ಅಡಗಿಸಿಟ್ಟು ಅದರ ಲ್ಯಾಟ್-ಲಾಂಗ್ ಅನ್ನು ಇಂಟರ್ನೆಟ್ಟಿಗೆ ಹಾಕಿದರು. ಒಳಗಿದ್ದ ಸಾಮಾನಿನಲ್ಲಿ ಒಂದು ಬೀನ್ಸ್ ಡಬ್ಬವೂ ಇತ್ತಂತೆ. ಈಗಿನ ಆಟದಲ್ಲಿ ತಿನ್ನುವ ಪದಾರ್ಥ ಇಡುವಂತಿಲ್ಲ, ಒಳ್ಳೆಯದೇ. ನಮ್ಮ ಕಡೆ ಇಟ್ಟಿದ್ದರೆ ಮಂಗಗಳೇ ಮೊದಲು ಹುಡುಕುತ್ತಿದ್ದವು.

ತೋಟದಲ್ಲಿ ಪ್ರತಿ ಬ್ಯಾಚೂ ಒಂದೇ ಕಡೆ ಸಿಕ್ಕಿಬೀಳುತ್ತದೆ: ಕೊನೆಯ ಇಪ್ಪತ್ತು ಮೀಟರಿನಲ್ಲಿ. ಅಲ್ಲಿಯವರೆಗೆ ಯಂತ್ರ ಸಲೀಸಾಗಿ ಕರೆದೊಯ್ಯುತ್ತದೆ. ಆಮೇಲೆ ಬಾಣ ಒಮ್ಮೆ ಎಡಕ್ಕೆ, ಒಮ್ಮೆ ಬೆನ್ನ ಹಿಂದಕ್ಕೆ. "ಅಣ್ಣಾ, ಇದು ಕೆಟ್ಟಿದೆ" ಅಂತ ಕೂಗು. ಕೆಟ್ಟಿರುವುದಿಲ್ಲ. ಗಾರ್ಮಿನ್ ಕಂಪನಿಯ ಇಟ್ರೆಕ್ಸ್ 22ಎಕ್ಸ್‌ನಂಥ ಯಂತ್ರದಲ್ಲಿ ಎಲೆಕ್ಟ್ರಾನಿಕ್ ದಿಕ್ಸೂಚಿಯೇ ಇಲ್ಲ. ನೀವು ನಡೆಯುತ್ತಿದ್ದರೆ ಮಾತ್ರ ಅದಕ್ಕೆ ದಿಕ್ಕು ಗೊತ್ತು. ನಿಂತರೆ ಬಾಣಕ್ಕೆ ಅರ್ಥವಿಲ್ಲ. ಇನ್ನು ಪರದೆಯ ಮೇಲಿನ "3 ಮೀಟರ್" ಯಂತ್ರದ ಸ್ವಂತ ಅಂದಾಜು, ಗ್ಯಾರಂಟಿಯಲ್ಲ. ಮರಗಳ ಚಪ್ಪರದ ಕೆಳಗೆ ಸಂಕೇತ ಕುಗ್ಗುತ್ತದೆ, ಬಂಡೆಗೆ ಬಡಿದು ಸುತ್ತಿ ಬರುತ್ತದೆ. ಡಬ್ಬಿ ಇಟ್ಟಾಗ ನನ್ನ ಯಂತ್ರದಲ್ಲಿದ್ದ ತಪ್ಪು, ಹುಡುಕುವಾಗ ಅವರ ಯಂತ್ರದಲ್ಲಿರುವ ತಪ್ಪು, ಎರಡೂ ಕೂಡಿಕೊಳ್ಳುತ್ತವೆ.

ಅದಕ್ಕೇ ನಾನು ಹೇಳುವುದು: ಇಪ್ಪತ್ತು ಮೀಟರಿಗೆ ಬಂದಾಗ ಯಂತ್ರ ಜೇಬಿಗೆ ಹಾಕಿ. ಬೇಕಿದ್ದರೆ ಮೂವತ್ತು ಹೆಜ್ಜೆ ಹಿಂದೆ ಸರಿದು, ಮತ್ತೆ ಯಂತ್ರ ಹಿಡಿದು ಇನ್ನೊಂದು ಬದಿಯಿಂದ ನೇರವಾಗಿ ನಡೆದು ಬನ್ನಿ. ಬಾಣ ತೋರಿಸಿದ ಎರಡು ದಾರಿ ಕೂಡುವ ಕಡೆ ನಿಂತು ಕಣ್ಣು ಬಿಡಿ. ತೋಟದ ಕೆಲಸ ನೋಡಿಕೊಳ್ಳುವ ರೈಟರು ಯಂತ್ರವಿಲ್ಲದೆಯೇ ತೋರಿಸಿಬಿಡುತ್ತಾರೆ, "ಅಲ್ಲಿ ತರಗು ಕೆದರಿದೆ ನೋಡಿ" ಅಂತ. ಬೆಟ್ಟದಲ್ಲಿ ನೀರಿನ ಒರತೆ ಹುಡುಕುವಾಗಲೂ ಇದೇ ಕ್ರಮ. ಪರದೆ ನೋಡುತ್ತಾ ಹುಲ್ಲಿನಲ್ಲಿ ಸುತ್ತುವವನಿಗಿಂತ, ಹಸಿರು ಎಲ್ಲಿ ಗಾಢವಾಗಿದೆ ಎಂದು ತಲೆಯೆತ್ತಿ ನೋಡುವವನಿಗೆ ನೀರು ಬೇಗ ಸಿಗುತ್ತದೆ.

ಯಾವುದನ್ನು ಕೊಳ್ಳಬೇಕು ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಪಶ್ಚಿಮ ಘಟ್ಟಕ್ಕೆ ನನ್ನ ಮೊದಲ ಷರತ್ತು ಬಟನ್. ಮಳೆಹನಿ ಬಿದ್ದರೆ ಟಚ್ ಸ್ಕ್ರೀನ್ ತಾನಾಗಿಯೇ ಮೆನು ತೆರೆಯಲು ಶುರುಮಾಡುತ್ತದೆ, ಒದ್ದೆ ಬೆರಳಿಗೆ ಬಗ್ಗುವುದಿಲ್ಲ. ಎರಡನೆಯದು ಎಎ ಸೆಲ್. ಸೋಮವಾರಪೇಟೆಯ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಇಟ್ರೆಕ್ಸ್ ಎಸ್‌ಇ ಎರಡು ಸೆಲ್ಲಿಗೆ 168 ಗಂಟೆವರೆಗೆ ಓಡುತ್ತದೆ ಎನ್ನುತ್ತದೆ ಕಂಪನಿ. ರೀಚಾರ್ಜ್ ಸೆಲ್ ಹಾಕಿದರೆ ಸೆಟ್ಟಿಂಗಿನಲ್ಲಿ ಸೆಲ್ಲಿನ ಬಗೆಯನ್ನೂ ಬದಲಿಸಬೇಕು, ಇಲ್ಲದಿದ್ದರೆ ಬ್ಯಾಟರಿ ಗೆರೆ ಸುಳ್ಳು ಹೇಳುತ್ತದೆ. ಮೂರನೆಯದು ಆಂಟೆನಾ. ಗಾರ್ಮಿನ್‌ದೇ ಜಿಪಿಎಸ್‌ಮ್ಯಾಪ್ ಸರಣಿಯ ಯಂತ್ರದ ತಲೆಯ ಮೇಲಿನ ಮೋಟು ಕೊಂಬಿನಂಥದ್ದನ್ನು ನೆಟ್ಟಗೆ ಹಿಡಿಯಬೇಕು. ಇಟ್ರೆಕ್ಸ್‌ನಂಥ ಚಪ್ಪಟೆ ಆಂಟೆನಾದ ಯಂತ್ರವನ್ನು ಆಕಾಶಕ್ಕೆ ಮುಖ ಮಾಡಿ ಮಲಗಿಸಿ ಹಿಡಿಯಬೇಕು. ಅದನ್ನು ಬೆಲ್ಟಿಗೆ ನೇತುಹಾಕಿ ದಟ್ಟ ಶೋಲಾ ಕಾಡಿನೊಳಗೆ ನಡೆದರೆ ಟ್ರ್ಯಾಕು (ನಡೆದ ದಾರಿಯೆಂದು ಯಂತ್ರ ಬರೆದಿಡುವ ಗೆರೆ) ಗೀಚಿದ ಹಾಗೆ ಬರುತ್ತದೆ. ದುಡ್ಡಿದ್ದವರು ಎರಡು ತರಂಗಾಂತರ ಹಿಡಿಯುವ ಜಿಪಿಎಸ್‌ಮ್ಯಾಪ್ 65ಎಸ್ ನೋಡಲಿ.

ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಇನ್‌ರೀಚ್ ಬಗೆಯ ಯಂತ್ರ ಬೇರೆಯೇ ಜಾತಿ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅದನ್ನು ನಮ್ಮ ದೇಶದಲ್ಲಿ ಇಟ್ಟುಕೊಳ್ಳುವಂತಿಲ್ಲ. ಅಮೆರಿಕದಲ್ಲಿರುವ ನಮ್ಮವರು ರಜೆಗೆ ಬರುವಾಗ ಬ್ಯಾಗಿಗೆ ಹಾಕಿಕೊಂಡು ಬರಬೇಡಿ. ಹೀಗೆ ತಂದ ವಿದೇಶಿಯರನ್ನು ವಿಮಾನ ನಿಲ್ದಾಣದಲ್ಲಿ ಹಿಡಿದದ್ದುಂಟು.

ಮೊಬೈಲ್ ಸಾಲದೇ ಅಂತ ಕೇಳುವವರಿಗೆ ನಾನು ಬೇಡ ಅನ್ನುವುದಿಲ್ಲ. ಸಿಗ್ನಲ್ ಇಲ್ಲದಿದ್ದರೂ ಮೊಬೈಲಿನ ಜಿಪಿಎಸ್ ಕೆಲಸ ಮಾಡುತ್ತದೆ, ಮ್ಯಾಪ್ ಮೊದಲೇ ಇಳಿಸಿಕೊಂಡಿರಬೇಕು ಅಷ್ಟೆ. ಆದರೆ ಗುಂಪಿನ ಜವಾಬ್ದಾರಿ ಹೊತ್ತವನ ಫೋನಿನಲ್ಲಿ ಸಂಜೆ ಕರೆ ಮಾಡಲು ಚಾರ್ಜ್ ಉಳಿದಿರಬೇಕು.

ಬೆಟ್ಟದಲ್ಲಿ ಗುರುತಿಸಿದ ಜಾಗಕ್ಕೆ ದಿಕ್ಕು ತೋರಿಸುವ "ಗೋ ಟು" ಒತ್ತುವುದನ್ನು ನಾನು ಬಿಡಿಸಿಬಿಡುತ್ತೇನೆ. ಅದು ಕಾಗೆ ಹಾರುವ ದಾರಿ ತೋರಿಸುತ್ತದೆ. ನಡುವೆ ಕಮರಿ ಇದೆಯೋ ಹೊಳೆ ಇದೆಯೋ ಅದಕ್ಕೆ ಬೇಕಿಲ್ಲ. ಬಂದ ಟ್ರ್ಯಾಕನ್ನೇ ಹಿಡಿದು ವಾಪಸ್ ಬನ್ನಿ. ಕುಕ್ಕೆಯಿಂದ 1,712 ಮೀಟರಿನ ಕುಮಾರಪರ್ವತ ಹತ್ತುವಾಗ, ಕಲ್ಲುಮಂಟಪ ದಾಟಿದ ಮೇಲೆ ಮಂಜು ಕವಿದರೆ ಎತ್ತರದ ಅಂಕಿ ತುಂಬಾ ಉಪಯೋಗಕ್ಕೆ ಬರುತ್ತದೆ: ದಾರಿ ಯಾವುದೆಂದು ಗೊತ್ತಿದ್ದು ಎತ್ತರವೂ ಗೊತ್ತಿದ್ದರೆ, ದಾರಿಯ ಯಾವ ಮಟ್ಟದಲ್ಲಿದ್ದೀರಿ ಎಂಬುದು ಗೊತ್ತಾದಂತೆ. ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಸೆನ್ಸರ್ (ಇಟ್ರೆಕ್ಸ್ 32ಎಕ್ಸ್‌ನಲ್ಲಿದೆ) ಇದಕ್ಕೆ ಒಳ್ಳೆಯದು. ಆದರೆ ಒತ್ತಡ ಒಂದು ಮಿಲಿಬಾರ್ ಬದಲಾದರೆ ಎಂಟೊಂಬತ್ತು ಮೀಟರ್ ಏರುಪೇರು. ಮಳೆ ಮೋಡ ಬಂದು ಒತ್ತಡ ಇಳಿದರೆ ಯಂತ್ರದ ಲೆಕ್ಕದಲ್ಲಿ ನೀವು ಕೂತಲ್ಲೇ ಬೆಟ್ಟ ಹತ್ತಿರುತ್ತೀರಿ. ಎತ್ತರ ಖಚಿತವಾಗಿ ಗೊತ್ತಿರುವ ಜಾಗದಲ್ಲಿ ಬೆಳಿಗ್ಗೆ ಸರಿಪಡಿಸಿಕೊಳ್ಳಿ.

ಹಳೆಯ ಸರ್ವೆ ಆಫ್ ಇಂಡಿಯಾ ಹಾಳೆ ಇಟ್ಟುಕೊಂಡವರು ಡೇಟಮ್ (ಲ್ಯಾಟ್-ಲಾಂಗ್ ಅಳೆಯಲು ಆಧಾರವಾಗಿ ಹಿಡಿದ ಭೂಮಿಯ ಆಕಾರದ ಲೆಕ್ಕ) ನೋಡಬೇಕು. ಆ ಹಾಳೆಗಳು ಎವರೆಸ್ಟ್ ಲೆಕ್ಕದವು, ಯಂತ್ರ ಡಬ್ಲ್ಯೂಜಿಎಸ್ 84ರದ್ದು. ನಮ್ಮ ಘಟ್ಟದಲ್ಲಿ ಇದರಿಂದಲೇ ಜಾಗ ನೂರು ಮೀಟರಿಗೂ ಹೆಚ್ಚು ಜರುಗುತ್ತದೆ.

ಡಬ್ಬಿಯಾಟವನ್ನು ತೋಟದಲ್ಲೇ ಮುಗಿಸುತ್ತೇವೆ, ಎಣಿಸಿ ವಾಪಸ್ ತರುತ್ತೇವೆ. ಅರಣ್ಯದೊಳಗೆ ಪ್ಲಾಸ್ಟಿಕ್ ಬಿಟ್ಟು ಬರುವ ಆಟಕ್ಕೆ ನಾನಿಲ್ಲ. ಕೊನೆಯ ಸುತ್ತಿನಲ್ಲಿ ಮಾತ್ರ ಚೀಟಿ ಕೊಡದೆ ಲ್ಯಾಟ್-ಲಾಂಗ್ ಅನ್ನು ಫೋನಿನಲ್ಲಿ ಓದಿ ಹೇಳುತ್ತೇನೆ. ಕಾಲು ಮುರಿದವನಿಗೆ ಸ್ಟ್ರೆಚರ್ ತರಿಸುವಾಗ ಆಗುವುದು ಇದೇ ಮಾತುಕತೆ. 12 ಡಿಗ್ರಿ 39.50 ಮಿನಿಟ್ (ಅಂದರೆ 39 ಮಿನಿಟ್ 30 ಸೆಕೆಂಡ್) ಅಂದದ್ದನ್ನು ಆ ಕಡೆಯವನು 39 ಮಿನಿಟ್ 50 ಸೆಕೆಂಡ್ ಅಂತ ಬರೆದುಕೊಂಡರೆ ಆರುನೂರು ಮೀಟರ್ ದೂರದ ಇಳಿಜಾರಿಗೆ ಹೋಗಿರುತ್ತಾನೆ. ಆದ್ದರಿಂದ ನಮ್ಮಲ್ಲಿ "ಪಾಯಿಂಟ್" ಎಂಬುದನ್ನು ಒತ್ತಿ ಹೇಳಬೇಕು, ಕೇಳಿಸಿಕೊಂಡವನು ಪೂರ್ತಿ ವಾಪಸ್ ಓದಬೇಕು, ಓದುವವರೆಗೆ ಯಾರೂ ಫೋನ್ ಇಡುವಂತಿಲ್ಲ.