"ಮೈಕ್ರಾನ್ ಷೇರು ತಗೊಳ್ಳಬಹುದಾ?" ಅಂತ ಕೇಳುವವರಿಗೆ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ಅಂಗಡಿ. ಈಚೆಗೆ ಕೀಬೋರ್ಡ್ ರಿಪೇರಿಗೆ ಬಂದವರೂ ಹೊರಡುವಾಗ ಕೇಳುತ್ತಾರೆ: "ಸರ್, ರ‍್ಯಾಮ್ ರೇಟು ಈ ಪಾಟಿ ಏರ್ತಿದೆ. ಮೈಕ್ರಾನ್ ಷೇರು ತಗೊಂಡ್ರೆ ಹೇಗೆ?" ಮೈಕ್ರಾನ್ ಅಂದರೆ ರ‍್ಯಾಮ್ ಚಿಪ್ ಮಾಡುವ ಅಮೆರಿಕದ ಕಂಪನಿ.

ನಾನು ಅಡಿಕೆಯಿಂದ ಶುರು ಮಾಡುತ್ತೇನೆ. 2014ರಲ್ಲಿ ಧಾರಣೆ ಏರಿದ್ದು ನೆನಪಿದೆಯಲ್ವಾ? ನಮ್ಮಪ್ಪ ಆ ಹುರುಪಲ್ಲೇ ಗದ್ದೆಗೆ ಬಸಿಗಾಲುವೆ ತೆಗೆಸಿ ಸಸಿ ನೆಡಿಸಿದರು. ಧಾರಣೆ ಬಿದ್ದಾಗ ಸಸಿ ಇನ್ನೂ ಮೊಣಕಾಲುದ್ದ ಇತ್ತು.

ಚಿಪ್ ಕಾರ್ಖಾನೆಯದ್ದೂ ಇದೇ ಕಥೆ. ಬೆಲೆ ನೋಡಿ ಇವತ್ತು ಕೆಲಸ ಶುರು ಮಾಡಿದರೆ ಸರಕು ಬರಲು ವರ್ಷಗಳೇ ಬೇಕು. ಡಿರ‍್ಯಾಮ್‌ನಲ್ಲಿ ಅಂದರೆ ಕಂಪ್ಯೂಟರ್ ರ‍್ಯಾಮ್‌ಗೆ ಬೇಕಾದ ಚಿಪ್‌ನಲ್ಲಿ, ದೊಡ್ಡವರು ಮೂವರೇ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಮೂವರ ಸರಕೂ ಒಟ್ಟಿಗೆ ಬಂದು, ಕೊಳ್ಳುವವರು ಹಿಂದೆ ಸರಿದರೆ ಮುಗಿಯಿತು. 2022ರ ಹಣಕಾಸು ವರ್ಷದಲ್ಲಿ ಮೈಕ್ರಾನ್ ವಹಿವಾಟು ಸುಮಾರು 3,080 ಕೋಟಿ ಡಾಲರ್. ಮರುವರ್ಷ ಅದು 1,550 ಕೋಟಿಗೆ ಇಳಿಯಿತು. ಮೇಲಿಂದ 580 ಕೋಟಿ ಡಾಲರ್ ನಷ್ಟ.

"ಈ ಸಲ ಹಾಗಾಗಲ್ಲ, ಎಐ ಇದೆ" ಅನ್ನುತ್ತಾರೆ. ಸುಮ್ನೆ ತಳ್ಳಿಹಾಕುವ ಮಾತಲ್ಲ ಅದು. ಎಐಗೆ ಬೇಕಾದ ಎಚ್‌ಬಿಎಂ ಅಂದರೆ ಒಂದರ ಮೇಲೊಂದು ಪೇರಿಸಿದ ಮೆಮೊರಿ. ಅಷ್ಟೇ ಮೆಮೊರಿಯ ಡಿಡಿಆರ್5ಗಿಂತ (ಈಗಿನ ಸಾದಾ ರ‍್ಯಾಮ್) ಇದಕ್ಕೆ ಸುಮಾರು ಮೂರು ಪಟ್ಟು ವೇಫರ್, ಅಂದರೆ ಚಿಪ್ ಮಾಡುವ ಸಿಲಿಕಾನ್ ಬಿಲ್ಲೆ, ಬೇಕು ಅಂತ ಮೈಕ್ರಾನೇ ಹೇಳಿದೆ. ಗದ್ದೆ ಇದ್ದಷ್ಟೇ ಇದೆ, ಬೆಳೆ ಬದಲಾಗಿದೆ. ಸಾದಾ ರ‍್ಯಾಮ್ ತುಟ್ಟಿಯಾಗದೆ ಇನ್ನೇನಾಗುತ್ತೆ? 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಬ್ರಾಂಡಿನ ಚಿಲ್ಲರೆ ವ್ಯಾಪಾರ ಬಿಡುವುದಾಗಿಯೂ ಹೇಳಿತು. ನನ್ನ ಗಾಜಿನ ಕಪಾಟಿನಲ್ಲಿ ಅದರ ನಾಲ್ಕು ಪ್ಯಾಕ್ ಉಳಿದಿವೆ. ಹಿಂಬದಿಗೆ ಪೆನ್ಸಿಲಲ್ಲಿ ಬರೆದ ಮಾರುವ ರೇಟನ್ನು ಮೂರು ಸಲ ಅಳಿಸಿ ಬರೆದು ಕಾಗದವೇ ಸವೆದಿದೆ.

ಆದರೂ ನಾನು ಕಂಪನಿಯ ಮುನ್ನೋಟಕ್ಕಿಂತ ಮೊದಲು ಸ್ಪಾಟ್ ಬೆಲೆ ನೋಡುತ್ತೇನೆ. ಅದು ಮಂಡಿಯ ಅವತ್ತಿನ ಧಾರಣೆ ಇದ್ದ ಹಾಗೆ. ದೊಡ್ಡ ಗಿರಾಕಿಗಳು ಮುಂಚೆಯೇ ಮಾತಾಡಿಕೊಳ್ಳುವ ಕಾಂಟ್ರ್ಯಾಕ್ಟ್ ಬೆಲೆಗಿಂತ ಅದು ಸಾಮಾನ್ಯವಾಗಿ ಮೊದಲು ಅಲ್ಲಾಡುತ್ತದೆ. ಸ್ಪಾಟ್ ಜಾರುತ್ತಿರುವಾಗಲೂ ಕಂಪನಿಯ ಮುನ್ನೋಟ ಸಿಹಿಯಾಗಿಯೇ ಇರಬಹುದು.

ಇನ್ನು ಪಿಇ, ಅಂದರೆ ಷೇರಿನ ಬೆಲೆ ಅದರ ವರ್ಷದ ಲಾಭದ ಎಷ್ಟು ಪಟ್ಟು ಅನ್ನುವ ಲೆಕ್ಕ. ಲಾಭ ತುತ್ತತುದಿಯಲ್ಲಿದ್ದಾಗ ಪಿಇ ಕಮ್ಮಿ ಕಾಣುತ್ತದೆ. "ಅರೆ, ಇಷ್ಟು ಅಗ್ಗ!" ಅಂತ ನಾನು 2018ರ ಮೇ ಕೊನೆಯಲ್ಲಿ ಮೈಕ್ರಾನ್ ಷೇರು ಕೊಂಡೆ. ಡಿಸೆಂಬರ್ ಹೊತ್ತಿಗೆ ಹೆಚ್ಚುಕಡಿಮೆ ಅರ್ಧವಾಗಿತ್ತು. ತಪ್ಪು ನನ್ನದೇ. ಮನೆಯಲ್ಲಿ ಇವತ್ತಿಗೂ ಪೂರ್ತಿ ಲೆಕ್ಕ ಹೇಳಿಲ್ಲ.

ಹಾಗಾದ್ರೆ ತಗೊಳ್ಳೋದಾ ಬೇಡವಾ? ನಾನಂತೂ ಈಗ ತಗೊಳ್ಳಲ್ಲ. 2023ರಲ್ಲಿ ಬೆಲೆ ಬಿದ್ದು ಸ್ಯಾಮ್‌ಸಂಗ್‌ನಂಥ ಸ್ಯಾಮ್‌ಸಂಗೇ ಉತ್ಪಾದನೆ ಇಳಿಸಿತ್ತು. ಅಂಥ ಹೊತ್ತು ಮತ್ತೆ ಬಂದು, ಅಂಗಡಿಗೆ ಬಂದ ಒಬ್ಬರೂ ಈ ಪ್ರಶ್ನೆ ಕೇಳದಿದ್ದಾಗ ನೋಡೋಣ. ರ‍್ಯಾಮ್ ಬೇಕಿದ್ದವರು ಮಾತ್ರ ಕಾಯಬೇಡಿ. ನಾಲ್ಕೇ ಪ್ಯಾಕ್ ಇರೋದು.